ಮಕ್ಕಳನ್ನು ಸ್ಕೌಟ್ಸ್ ಮತ್ತು ಗೈಡ್ಸ್ ದಳಕ್ಕೆ ಸೇರಿಸುವ ಬಗೆ: ಉತ್ತರ ಕನ್ನಡಕ್ಕೆ ಹೊಸದಾಗಿ ಬಂದ ಕುಟುಂಬಗಳಿಗೆ

ಕೈಗಾದ ಕೆಲಸಕ್ಕಾಗಿಯೋ, ನೌಕಾನೆಲೆಗೋ, ಬ್ಯಾಂಕು ಅಥವಾ ಸರ್ಕಾರಿ ಕಚೇರಿಯ ವರ್ಗಾವಣೆಯ ಮೇಲೋ ಕಾರವಾರ, ಶಿರಸಿ ಕಡೆಗೆ ಬರುವ ಕುಟುಂಬಗಳು ಮನೆ, ಶಾಲೆ, ಗ್ಯಾಸ್ ಸಂಪರ್ಕಗಳ ಓಡಾಟದಲ್ಲಿ ಮಕ್ಕಳ ಒಡನಾಟದ ವಿಷಯವನ್ನು ಮುಂದಕ್ಕೆ ಹಾಕುವುದು ಸಹಜ. ಆದರೆ ಶಾಲೆಗೆ ಅರ್ಜಿ ಕೊಡುವ ದಿನವೇ ಅಲ್ಲಿ ಸ್ಕೌಟ್ಸ್ ಮತ್ತು ಗೈಡ್ಸ್ ದಳ ಇದೆಯೇ ಎಂದು ವಿಚಾರಿಸಿ ಎಂಬುದು ನಮ್ಮ ಮೊದಲ ಸಲಹೆ. ದಳದ ಒಳಗೆ ಆರರಿಂದ ಎಂಟು ಮಕ್ಕಳ ಪೆಟ್ರೋಲ್ ಎಂಬ ಚಿಕ್ಕ ತಂಡಗಳಿರುತ್ತವೆ. ನಲವತ್ತು ಮಕ್ಕಳ ತರಗತಿಯಲ್ಲಿ ಮೂಲೆ ಹಿಡಿದು ಕೂರುವ ಹೊಸ ಹುಡುಗನೂ ಈ ತಂಡದಲ್ಲಿ ಸುಮ್ಮನೆ ಕೂರಲಾರ, ಏಕೆಂದರೆ ಅಲ್ಲಿ ಪ್ರತಿಯೊಬ್ಬರಿಗೂ ಒಂದೊಂದು ಹೊಣೆ ಇರುತ್ತದೆ.

ಭಾರತ್ ಸ್ಕೌಟ್ಸ್ ಮತ್ತು ಗೈಡ್ಸ್ ಸಂಸ್ಥೆ ರೂಪುಗೊಂಡದ್ದು 1950ರ ನವೆಂಬರ್ 7ರಂದು. ಆ ದಿನವನ್ನೇ ಇಂದಿಗೂ ಧ್ವಜ ದಿನವೆಂದು ಆಚರಿಸುತ್ತಾರೆ. ಪ್ರಾಥಮಿಕ ಶಾಲೆಯ ಚಿಕ್ಕ ಹುಡುಗರಿಗೆ ಕಬ್, ಹುಡುಗಿಯರಿಗೆ ಬುಲ್‌ಬುಲ್ ವಿಭಾಗಗಳಿವೆ. ಹತ್ತು ವರ್ಷ ತುಂಬಿದ ಹುಡುಗರು ಸ್ಕೌಟ್ ದಳಕ್ಕೆ, ಹುಡುಗಿಯರು ಗೈಡ್ ದಳಕ್ಕೆ ಸೇರುತ್ತಾರೆ. ಕಾಲೇಜಿನವರಿಗೆ ರೋವರ್ ಮತ್ತು ರೇಂಜರ್ ವಿಭಾಗಗಳಿವೆ. ಸ್ಕೌಟ್ ದಳವನ್ನು ಸ್ಕೌಟ್ ಮಾಸ್ಟರ್, ಗೈಡ್ ದಳವನ್ನು ಗೈಡ್ ಕ್ಯಾಪ್ಟನ್ ನಡೆಸುತ್ತಾರೆ. ಇವರಲ್ಲಿ ಹೆಚ್ಚಿನವರು ಅದೇ ಶಾಲೆಯ ಶಿಕ್ಷಕರು, ಪಾಠದ ಹೊರೆಯ ಮೇಲೆ ಈ ಕೆಲಸವನ್ನೂ ಹೊತ್ತವರು. ಅವರನ್ನು ಮೊದಲ ಸಲ ಕಾಣುವಾಗ ಈ ಮಾತು ನೆನಪಿನಲ್ಲಿರಲಿ.

ಎಲ್ಲಿ ವಿಚಾರಿಸಬೇಕೆಂಬ ವಿಷಯದಲ್ಲಿ ಹೊರಗಿನವರಿಗೆ ಗೊಂದಲವಾಗುವುದುಂಟು. ಕಂದಾಯದ ಲೆಕ್ಕದಲ್ಲಿ ಉತ್ತರ ಕನ್ನಡ ಒಂದೇ ಜಿಲ್ಲೆಯಾದರೂ ಶಿಕ್ಷಣ ಇಲಾಖೆಯ ಲೆಕ್ಕದಲ್ಲಿ ಎರಡು. ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರ, ಭಟ್ಕಳ ತಾಲ್ಲೂಕುಗಳು ಕಾರವಾರದ ಉಪನಿರ್ದೇಶಕರ ವ್ಯಾಪ್ತಿಯಲ್ಲಿವೆ. ಶಿರಸಿ, ಸಿದ್ದಾಪುರ, ಯಲ್ಲಾಪುರ, ಮುಂಡಗೋಡ, ಹಳಿಯಾಳ, ಜೋಯಿಡಾಗಳು ಶಿರಸಿ ಶೈಕ್ಷಣಿಕ ಜಿಲ್ಲೆಗೆ ಸೇರಿವೆ. ಆದ್ದರಿಂದ ಯಲ್ಲಾಪುರದಲ್ಲಿ ಮನೆ ಮಾಡಿದವರು ಕಾರವಾರದವರೆಗೆ ಹೋಗಿ ಬರುವ ಅಗತ್ಯವಿಲ್ಲ. ಶಾಲೆಯ ಮುಖ್ಯೋಪಾಧ್ಯಾಯರಿಗೆ ಮಾಹಿತಿ ಇಲ್ಲವಾದರೆ ತಾಲ್ಲೂಕಿನ ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಯಲ್ಲಿ ಕೇಳಿ. ಯಾವ ಶಾಲೆಯಲ್ಲಿ ನೋಂದಾಯಿತ ದಳವಿದೆ, ಶಾಲೆಗೆ ಅಂಟಿಕೊಳ್ಳದ ಮುಕ್ತ ದಳವೇನಾದರೂ ಹತ್ತಿರದಲ್ಲಿದೆಯೇ ಎಂಬುದು ಅಲ್ಲಿಂದ ತಿಳಿಯುತ್ತದೆ. ಕೇಂದ್ರೀಯ ವಿದ್ಯಾಲಯಗಳ ವ್ಯವಸ್ಥೆ ಮಾತ್ರ ಬೇರೆ: ಕೇಂದ್ರೀಯ ವಿದ್ಯಾಲಯ ಸಂಘಟನೆಯನ್ನು ಸ್ಕೌಟಿಂಗ್‌ನಲ್ಲಿ ಒಂದು ಪ್ರತ್ಯೇಕ ರಾಜ್ಯದಂತೆಯೇ ಪರಿಗಣಿಸುವುದರಿಂದ ಅಲ್ಲಿಯ ಮಕ್ಕಳ ದಾಖಲೆಗಳು ಆ ಸಂಘಟನೆಯ ಮೂಲಕವೇ ಸಾಗುತ್ತವೆ.

ಸೇರಿದ ಕೂಡಲೇ ಮಗು ಸ್ಕೌಟ್ ಆಗುವುದಿಲ್ಲ. ಪ್ರವೇಶ ಹಂತದಲ್ಲಿ ಕನಿಷ್ಠ ಮೂರು ತಿಂಗಳು ದಳದ ಸಭೆಗಳಿಗೆ ಬಂದು ಪ್ರತಿಜ್ಞೆ, ನಿಯಮ, ಪ್ರಾರ್ಥನೆ, ಧ್ವಜಗೀತೆ, ಎಡಗೈಯ ಹಸ್ತಲಾಘವ ಇವನ್ನೆಲ್ಲ ಕಲಿತ ಮೇಲೆ ದೀಕ್ಷಾವಿಧಿಯಲ್ಲಿ ಸ್ಕಾರ್ಫ್ ಹಾಕುತ್ತಾರೆ. ಪ್ರತಿಜ್ಞೆಯಲ್ಲಿ ದೇವರು ಎಂಬ ಪದ ಬೇಡವೆನ್ನುವವರು ಧರ್ಮ ಎಂದು ಹೇಳಬಹುದು. ಮುಂದೆ ಪ್ರಥಮ, ದ್ವಿತೀಯ, ತೃತೀಯ ಸೋಪಾನಗಳು, ಆನಂತರ ರಾಜ್ಯ ಪುರಸ್ಕಾರ, ಕೊನೆಗೆ ರಾಷ್ಟ್ರಪತಿ ಪುರಸ್ಕಾರ. ಒಂದೊಂದು ಸೋಪಾನಕ್ಕೂ ಇಂತಿಷ್ಟು ತಿಂಗಳೆಂಬ ನಿಯಮವಿರುವುದರಿಂದ ಒಂಬತ್ತನೆಯ ತರಗತಿಗೆ ಬಂದ ಮೇಲೆ ಸೇರಿಸಿ ಎರಡೇ ವರ್ಷದಲ್ಲಿ ಪುರಸ್ಕಾರ ಬರಲಿ ಎಂದು ಬಯಸುವುದು ಮಗುವಿಗೂ ಶಿಕ್ಷಕರಿಗೂ ಕಷ್ಟ. ಐದು ಅಥವಾ ಆರನೆಯ ತರಗತಿಯೇ ತಕ್ಕ ಕಾಲ. ಸಿಇಟಿ ಸೀಟು ಹಂಚಿಕೆಯಲ್ಲಿ ಸ್ಕೌಟ್ಸ್ ಮತ್ತು ಗೈಡ್ಸ್‌ಗೆ ವಿಶೇಷ ಪ್ರವರ್ಗವಿದೆ, ರೈಲ್ವೆ ನೇಮಕಾತಿಯಲ್ಲೂ ಕೋಟಾ ಇದೆ ಎಂಬುದು ನಿಜ. ಆದರೂ ಅದೊಂದನ್ನೇ ಗುರಿಯಾಗಿಟ್ಟು ಸೇರಿಸಬೇಡಿ ಎಂದು ಕಳಕಳಿಯಿಂದ ಕೇಳಿಕೊಳ್ಳುತ್ತೇವೆ. ಪ್ರಮಾಣಪತ್ರಕ್ಕಾಗಿ ಬಂದ ಮಗುವಿಗೆ ಶಿಬಿರದಲ್ಲಿ ಪಾತ್ರೆ ತೊಳೆಯುವ ಸರದಿ ಶಿಕ್ಷೆಯಾಗಿ ಕಾಣುತ್ತದೆ, ತಂಡಕ್ಕಾಗಿ ಬಂದ ಮಗು ಅದನ್ನೂ ಹರಟೆ ಹೊಡೆಯುತ್ತಲೇ ಮುಗಿಸುತ್ತದೆ.

ಭಾಷೆಯ ಅಳುಕು ಹಲವು ಪಾಲಕರಿಗಿದೆ. ಕಾರವಾರದ ಮಕ್ಕಳು ಆಟದ ನಡುವೆ ಕೊಂಕಣಿಗೆ ಹೊರಳುತ್ತಾರೆ. ಶಿರಸಿ, ಸಿದ್ದಾಪುರದ ಕಡೆ ಹವ್ಯಕ ಕನ್ನಡ ಕಿವಿಗೆ ಬೀಳುತ್ತದೆ. ಬಯಲುಸೀಮೆಯಿಂದ ಬಂದ ಮಗುವಿಗೆ ಮೊದಮೊದಲು ಅರ್ಧ ಅರ್ಥವಾಗದಿರಬಹುದು. ದಳದ ಕಲಿಕೆ ಹೆಚ್ಚಾಗಿ ಕೈಕೆಲಸದ್ದಾದ್ದರಿಂದ ಈ ತೊಡಕು ಬೇಗ ಸಡಿಲವಾಗುತ್ತದೆ: ರೀಫ್ ನಾಟ್, ಕ್ಲೋವ್ ಹಿಚ್, ಬೋಲೈನ್ ಗಂಟುಗಳನ್ನು ಪಕ್ಕದವನ ಬೆರಳು ನೋಡಿ ಕಲಿಯಬಹುದು, ಸೀಟಿಯ ಸಂಕೇತಕ್ಕೆ ಭಾಷೆಯೇ ಬೇಡ. ಮೀನುಗಾರರ ಮನೆಯ ಮಕ್ಕಳು ಹಗ್ಗದ ಕೆಲಸದಲ್ಲಿ ಹೊರಗಿನಿಂದ ಬಂದ ಮಕ್ಕಳಿಗಿಂತ ಮುಂದಿರುತ್ತಾರೆ. ಅವರಿಂದ ಕಲಿಯಲು ನಿಮ್ಮ ಮಗುವಿಗೆ ಹೇಳಿ.

ಶಿಬಿರದ ವಿಷಯವನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿಯ ಮಳೆ ಬಯಲಿನಲ್ಲಿ ಡೇರೆ ಹಾಕಲು ಬಿಡುವುದಿಲ್ಲ. ಆ ತಿಂಗಳುಗಳು ಪ್ರಥಮ ಚಿಕಿತ್ಸೆ, ಗಂಟು, ನಕ್ಷೆ, ದಿಕ್ಸೂಚಿಗಳ ಕಲಿಕೆಗೆ ಒಳ್ಳೆಯವು. ಘಟ್ಟದ ಮೇಲೆ ಮಳೆಗಾಲದ ನಡಿಗೆ ಇದ್ದರೆ ಉಂಬಳ (ಜಿಗಣೆ) ಹತ್ತುವುದು ಖಂಡಿತ, ಅದಕ್ಕೆ ಹೆದರಬೇಕಿಲ್ಲ. ಹೆದರಬೇಕಾದದ್ದು ಬೇಸಿಗೆಯಲ್ಲಿ ಮೈಗೆ ಹತ್ತಿ ರಕ್ತ ಹೀರುವ ಉಣ್ಣೆ (ಉಣುಗು) ಎಂಬ ಹುಳುವಿಗೆ, ಏಕೆಂದರೆ ಮಂಗನ ಕಾಯಿಲೆ ಹರಡುವುದು ಅದರ ಕಡಿತದಿಂದ. 1957ರಲ್ಲಿ ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ ಮೊದಲು ಪತ್ತೆಯಾದ ಮಂಗನ ಕಾಯಿಲೆ ಸಿದ್ದಾಪುರ ತಾಲ್ಲೂಕಿನಲ್ಲೂ ಕಾಣಿಸಿಕೊಂಡಿದೆ, ಡಿಸೆಂಬರ್‌ನಿಂದ ಮೇ ತಿಂಗಳವರೆಗೆ ಅದರ ಕಾಟ ಹೆಚ್ಚು. ಆ ಅವಧಿಯಲ್ಲಿ ಕಾಡಿನ ಅಂಚಿನ ಶಿಬಿರವಿದ್ದರೆ ಅಲ್ಲಿಯ ಪ್ರಾಥಮಿಕ ಆರೋಗ್ಯ ಕೇಂದ್ರದವರು ಒಪ್ಪಿದ್ದಾರೆಯೇ ಎಂದು ಕೇಳಿ, ಉದ್ದ ತೋಳಿನ ಬಟ್ಟೆ ಕಳುಹಿಸಿ, ಉಣ್ಣೆ ಹತ್ತದಂತೆ ಆರೋಗ್ಯ ಇಲಾಖೆ ಕೊಡುವ ಡೇಪಾ ಎಣ್ಣೆಯನ್ನು ಹಚ್ಚಿಸಿ, ಮಗು ಮರಳಿದ ಮೇಲೆ ಬಿಸಿನೀರಿನ ಸ್ನಾನ ಮಾಡಿಸಿ, ಕೆಲ ದಿನಗಳಲ್ಲಿ ಜ್ವರ ಬಂದರೆ ವೈದ್ಯರಿಗೆ ಕಾಡಿಗೆ ಹೋಗಿದ್ದನ್ನು ತಪ್ಪದೆ ತಿಳಿಸಿ. ಕಡಲತೀರದ ಕಾರ್ಯಕ್ರಮಕ್ಕೂ ಇಷ್ಟೇ ಎಚ್ಚರ ಬೇಕು. ಮಕ್ಕಳು ನೀರಿಗೆ ಇಳಿಯುವರೇ, ಇಳಿದರೆ ಜೀವರಕ್ಷಕರಿರುವರೇ ಎಂದು ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮೊದಲೇ ಕೇಳುವುದು ಪಾಲಕರ ಹಕ್ಕು. ಒಳ್ಳೆಯ ಸ್ಕೌಟ್ ಮಾಸ್ಟರ್ ಆ ಪ್ರಶ್ನೆಗೆ ಬೇಸರಪಡುವುದಿಲ್ಲ.

ಸಮವಸ್ತ್ರವನ್ನು ಮೊದಲ ವಾರವೇ ಹೊಲಿಸಬೇಡಿ, ದೀಕ್ಷೆಯ ಹೊತ್ತಿಗೆ ದಳದವರನ್ನು ಕೇಳಿ ಹೊಲಿಸಿದರೆ ಸಾಕು.

ಬೇರೆ ಊರಿನಲ್ಲಿ ಈಗಾಗಲೇ ಸ್ಕೌಟ್ ಅಥವಾ ಗೈಡ್ ಆಗಿದ್ದ ಮಗುವಾದರೆ ಹಳೆಯ ದಳದಿಂದ ದೀಕ್ಷೆಯ ದಿನಾಂಕ, ಮುಗಿಸಿದ ಸೋಪಾನಗಳ ಪ್ರಮಾಣಪತ್ರ, ಪ್ರಾವೀಣ್ಯ ಪದಕಗಳ ವಿವರ ಮತ್ತು ಲಾಗ್ ಪುಸ್ತಕವನ್ನು ಸ್ಕೌಟ್ ಮಾಸ್ಟರ್ ಅಥವಾ ಗೈಡ್ ಕ್ಯಾಪ್ಟನ್‌ರ ಸಹಿಯೊಂದಿಗೆ ತನ್ನಿ. ಶಾಲೆಯ ವರ್ಗಾವಣೆ ಪತ್ರದಲ್ಲಿ ಇವುಗಳ ವಿವರ ಇರುವುದಿಲ್ಲ, ದಾಖಲೆಯಿಲ್ಲದೆ ಹೋದರೆ ಮಗು ಮುಗಿಸಿದ ಹಂತವನ್ನು ಮತ್ತೆ ಮಾಡಬೇಕಾಗಬಹುದು. ಇಲ್ಲಿಂದ ಮುಂದಿನ ಊರಿಗೆ ಹೊರಡುವಾಗಲೂ ಸಾಮಾನು ಕಟ್ಟುವ ಮೊದಲೇ ಇದೇ ಪತ್ರಗಳನ್ನು ಇಲ್ಲಿಯ ದಳದಿಂದ ಪಡೆದುಕೊಳ್ಳಿ.