ಮರದ ಕಟಿಂಗ್ ಬೋರ್ಡ್ ಪಳಗಿಸುವುದು ಹೇಗೆ?

ಆಸೆಪಟ್ಟು ತಂದ ಮರದ ಕಟಿಂಗ್ ಬೋರ್ಡ್ ಒಂದೇ ಮಳೆಗಾಲಕ್ಕೆ ಡೊಂಕಾಗುತ್ತದೆ, ತುದಿ ಸೀಳುತ್ತದೆ, ಮೂಲೆಯಲ್ಲಿ ಕಪ್ಪು ಚುಕ್ಕೆ ಏಳುತ್ತದೆ. ‘ಮರ ನಮಗಾಗದು’ ಎಂದು ಮುಂದಿನ ಸಲ ಪ್ಲಾಸ್ಟಿಕ್ ಮನೆಗೆ ಬರುತ್ತದೆ. ಕಬ್ಬಿಣದ ಕಾವಲಿಯನ್ನು ಪಳಗಿಸದೆ ಯಾರೂ ದೋಸೆ ಹುಯ್ಯುವುದಿಲ್ಲ. ಹಲಗೆಯನ್ನು ಮಾತ್ರ ಕವರ್ ಬಿಚ್ಚಿದ ಕೂಡಲೇ ಈರುಳ್ಳಿ ಹೆಚ್ಚಲು ಇಡುತ್ತಾರೆ. ಬೇಕಿರುವುದು 200 ಮಿ.ಲೀ. ಎಣ್ಣೆ, 20 ಗ್ರಾಂ ಜೇನುಮೇಣ, ಎರಡು ಹಾಳೆ ಸ್ಯಾಂಡ್‌ಪೇಪರ್, ಒಂದು ಹಳೆ ಬನಿಯನ್. ನಾಲ್ಕೈದು ದಿನ ಹಿಡಿದರೂ ಕೈಕೆಲಸ ಒಟ್ಟು ಒಂದು ಗಂಟೆಯದು, ಅಷ್ಟೆ.

ಹಂತ 1: ಹಲಗೆ ಆರಿಸುವುದು

ಮೊದಲು ಹಲಗೆಯ ತುದಿ ನೋಡಿ. ಮೇಲ್ಮೈಯಲ್ಲಿ ಕಾಣುವ ಎಳೆಗಳು ತುದಿಯಲ್ಲೂ ಮುಂದುವರಿದಿರಬೇಕು. ಮೇಲೆ ಚೆಂದದ ಮರದ ಚಿತ್ರ, ಅಂಚಿನಲ್ಲಿ ಒತ್ತಿದ ಹೊಟ್ಟಿನಂಥ ಪದರ ಕಂಡರೆ ಅದು ಎಂಡಿಎಫ್, ಅಂದರೆ ಮರದ ನಾರನ್ನು ಅಂಟು ಹಾಕಿ ಒತ್ತಿ ಮಾಡಿದ ಹಲಗೆ. ನೀರು ತಾಗಿದರೆ ಉಬ್ಬಿಕೊಳ್ಳುವ ಅದನ್ನು ಯಾವ ಎಣ್ಣೆಯೂ ಉಳಿಸುವುದಿಲ್ಲ. ಒಂದೇ ತುಂಡಿನ ಹಲಗೆಯಾದರೆ ತುದಿಯಲ್ಲಿ ಉಂಗುರಗಳ ನಟ್ಟನಡುವಿನ ಬಿಂದು ಇದೆಯೇ ಎಂದು ಹುಡುಕಿ. ಇದ್ದರೆ ಬಿಟ್ಟುಬಿಡಿ, ಬಿರುಕು ಹೊರಡುವುದೇ ಅಲ್ಲಿಂದ. ಕೊನೆಗೆ ಗ್ರಾನೈಟ್ ಕಟ್ಟೆಯ ಮೇಲಿಟ್ಟು ನಾಲ್ಕೂ ಮೂಲೆ ಒತ್ತಿ ನೋಡಿ. ಟಕಟಕ ಎಂದರೆ ಈಗಾಗಲೇ ತಿರುಚಿದೆ ಎಂದರ್ಥ.

ದಪ್ಪ ಮುಕ್ಕಾಲು ಇಂಚಿಗೆ ಕಡಿಮೆ ಬೇಡ, ಒಂದು ಇಂಚು ಇದ್ದರೆ ಒಳ್ಳೆಯದು. ಅಳತೆ 14×10 ಇಂಚು. ಅದಕ್ಕಿಂತ ಚಿಕ್ಕದಾದರೆ ಹೆಚ್ಚಿದ ಬೀನ್ಸ್ ಅರ್ಧ ಕಟ್ಟೆಯ ಮೇಲಿರುತ್ತದೆ.

ಮಲೆನಾಡು, ಕರಾವಳಿಯ ಕಡೆ ಬಡಗಿಯ ಪರಿಚಯವಿದ್ದರೆ ಹಲಸಿನ ಚೇಗಿನಿಂದ, ಅಂದರೆ ಕಾಂಡದ ನಡುವಿನ ಗಟ್ಟಿ ಮರದಿಂದ, ಮಾಡಿಸಿಕೊಳ್ಳಿ. ನಮ್ಮ ಅಡುಗೆಮನೆಗೆ ಅದಕ್ಕಿಂತ ಒಪ್ಪುವ ಮರ ಇನ್ನೊಂದಿಲ್ಲ. ಮೊದಲ ಕೆಲವು ಸಲ ತೊಳೆದಾಗ ನೀರು ಹಳದಿಯಾಗುತ್ತದೆ. ಗಾಬರಿ ಬೇಡ, ಹಲಸಿನ ಚೇಗಿನಲ್ಲೇ ಬಣ್ಣವಿದೆ; ಬೌದ್ಧ ಭಿಕ್ಕುಗಳು ಉಡುವ ಚೀವರಕ್ಕೆ ಬಣ್ಣ ಕಟ್ಟುತ್ತಿದ್ದುದೂ ಅದರಿಂದಲೇ. ಮಾವು, ಬೇವು, ಅಕೇಶಿಯಾ ಕೂಡ ಆದೀತು. ತೇಗ ನೀರಿಗೆ ಗಟ್ಟಿ, ಆದರೆ ಅದರಲ್ಲಿರುವ ಸಿಲಿಕಾ ಚಾಕುವಿನ ಬಾಯಿಯನ್ನು ಬೇಗ ಮೊಂಡು ಮಾಡುತ್ತದೆ. ಬಿದಿರಿನ ಹಲಗೆಗೂ ಇದೇ ದೋಷ, ಜೊತೆಗೆ ಅದು ಉದ್ದಕ್ಕೂ ಅಂಟು ಹಾಕಿ ಜೋಡಿಸಿದ ಪಟ್ಟಿಗಳು. ಹೊನ್ನೆ ಬೇಡವೇ ಬೇಡ, ನೀರು ಕಂಡಾಗಲೆಲ್ಲ ಬಣ್ಣ ಬಿಡುತ್ತದೆ. ಗಾಜಿನ ಬೋರ್ಡಿನ ಮೇಲಾಗಲಿ, ಗ್ರಾನೈಟ್ ಕಟ್ಟೆಯ ಮೇಲಾಗಲಿ, ಬೋರಲು ಹಾಕಿದ ಸ್ಟೀಲ್ ತಟ್ಟೆಯ ಮೇಲಾಗಲಿ ಹೆಚ್ಚುವವರು ವಾರಕ್ಕೊಮ್ಮೆ ಚಾಕು ಸಾಣೆ ಹಿಡಿಯಲು ಸಿದ್ಧರಿರಬೇಕು.

ಮಿರಿಮಿರಿ ಮಿಂಚುವ ಹಲಗೆಯನ್ನು ಅನುಮಾನದಿಂದಲೇ ನೋಡಿ. ಆ ಮಿಂಚು ವಾರ್ನಿಷ್ ಅಥವಾ ಮೆಲಮೈನ್ ಪಾಲಿಶ್‌ನದು. ಚಾಕುವಿನ ಏಟಿಗೆ ಅದು ಚಕ್ಕೆ ಎದ್ದು ಪಲ್ಯಕ್ಕೆ ಸೇರುತ್ತದೆ, ಚಕ್ಕೆ ಎದ್ದಲ್ಲಿ ನೀರು ಒಳಗಿಳಿಯುತ್ತದೆ. ಅಂಥದು ಈಗಾಗಲೇ ಮನೆಯಲ್ಲಿದ್ದರೆ 80ನೇ ನಂಬರಿನ ಸ್ಯಾಂಡ್‌ಪೇಪರಿನಿಂದ ಪಾಲಿಶ್ ಪೂರ್ತಿ ಉಜ್ಜಿ ತೆಗೆದು ಮುಂದಿನ ಹಂತಕ್ಕೆ ಹೋಗಿ.

ಹಂತ 2: ತೊಳೆದು ಒಣಗಿಸುವುದು

ಪಾತ್ರೆ ಸೋಪಿನಿಂದ ಎರಡೂ ಮೈ ತೊಳೆದು, ಒರೆಸಿ, ನೆರಳಿನಲ್ಲಿ ಒಂದು ದಿನ ನಿಲ್ಲಿಸಿ.

ಹಂತ 3: ಉಜ್ಜುವುದು

ಒಣಗಿದ ಹಲಗೆಯನ್ನು ಸವರಿದರೆ ಮೈ ತರಿತರಿಯಾಗಿರುತ್ತದೆ. ನೀರು ಕುಡಿದ ಎಳೆಗಳು ತಲೆಯೆತ್ತಿರುತ್ತವೆ. ಈಗಲೇ ಇದನ್ನು ಕೂರಿಸದಿದ್ದರೆ ದಿನಾ ತೊಳೆದಾಗ ಮತ್ತೆ ಏಳುತ್ತಲೇ ಇರುತ್ತದೆ. 120ನೇ ನಂಬರಿನ ಸ್ಯಾಂಡ್‌ಪೇಪರನ್ನು ಚಪ್ಪಟೆ ಮರದ ತುಂಡಿಗೆ ಸುತ್ತಿ ಎಳೆಯ ದಿಕ್ಕಿನಲ್ಲೇ ಉಜ್ಜಿ, ಆಮೇಲೆ 220. ಅಡ್ಡ ಉಜ್ಜಿದರೆ ಬೀಳುವ ಗೀರು ಎಣ್ಣೆ ಹಚ್ಚಿದ ಮೇಲೆ ಎದ್ದು ಕಾಣುತ್ತದೆ. ಒದ್ದೆ ಬಟ್ಟೆಯಿಂದ ಇಡೀ ಹಲಗೆ ಒರೆಸಿ, ಪೂರ್ತಿ ಒಣಗಿದ ಮೇಲೆ 220ರಲ್ಲಿ ಹಗುರವಾಗಿ ಇನ್ನೊಮ್ಮೆ ಉಜ್ಜಿ. ಹುಡಿಯನ್ನು ಒಣಬಟ್ಟೆಯಿಂದ ತೆಗೆಯಿರಿ. ಎಣ್ಣೆ ಹಚ್ಚುವಾಗ ಹಲಗೆಯಲ್ಲಿ ಪಸೆ ಇರಬಾರದು, ಹಾಗಾಗಿ ಮತ್ತೆ ಒದ್ದೆ ಬಟ್ಟೆ ಬೇಡ.

ಹಂತ 4: ಎಣ್ಣೆ ಕುಡಿಸುವುದು

ಹೆಚ್ಚಿನ ಹಲಗೆಗಳು ಕೆಡುವುದು ಇಲ್ಲಿಯೇ, ಹಾಗಾಗಿ ನಿಧಾನವಾಗಿ ಓದಿ.

ಮೊದಲ ತಪ್ಪು ಎಣ್ಣೆಯದು. ಒಲೆಯ ಪಕ್ಕ ಕೈಗೆ ಸಿಗುವ ಸೂರ್ಯಕಾಂತಿ, ಕಡಲೆಕಾಯಿ, ಎಳ್ಳೆಣ್ಣೆ ಯಾವುದೂ ಆಗದು. ಗಾಳಿಗೆ ಇವು ಕೆಡುತ್ತವೆ: ಕೆಲವೇ ವಾರದಲ್ಲಿ ಕಮಟು ವಾಸನೆ, ಕೈಗೆ ಜಿಗುಟು, ಅದಕ್ಕೆ ಮೆತ್ತಿಕೊಂಡ ಕೊಳೆ. ತುಪ್ಪವೂ ಅಷ್ಟೆ. ಹಾರ್ಡ್‌ವೇರ್ ಅಂಗಡಿಯ ‘ಬಾಯ್ಲ್ಡ್ ಲಿನ್‌ಸೀಡ್’ ಎಣ್ಣೆಯನ್ನಂತೂ ಮುಟ್ಟಬೇಡಿ. ಬೇಗ ಒಣಗಲೆಂದು ಅದಕ್ಕೆ ಲೋಹದ ಲವಣ ಬೆರೆಸಿರುತ್ತಾರೆ, ಅದು ಬಾಗಿಲು ಕಿಟಕಿಗೆ. ಆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆದರೆ ತಾನಾಗಿಯೇ ಬೆಂಕಿ ಹತ್ತಿಕೊಳ್ಳಬಹುದು ಎಂಬುದೂ ತಿಳಿದಿರಲಿ.

ಸರಿಯಾದದ್ದು ಔಷಧಿ ಅಂಗಡಿಯಲ್ಲಿ ಸಿಗುವ ಲಿಕ್ವಿಡ್ ಪ್ಯಾರಾಫಿನ್. ಬಾಟಲಿಯ ಮೇಲೆ ‘ಐಪಿ’ ಎಂದಿರಬೇಕು, ಅದು ಇಂಡಿಯನ್ ಫಾರ್ಮಕೋಪಿಯಾದ ಗುರುತು. ಮಲಬದ್ಧತೆಗೆ ಕುಡಿಸುವ ಎಣ್ಣೆಯೇ ಇದು. ಬಣ್ಣ, ವಾಸನೆ, ರುಚಿ ಇಲ್ಲ, ಎಷ್ಟು ದಿನ ಕಳೆದರೂ ಕಮಟುವುದಿಲ್ಲ. ಅಂಗಡಿಯವರು ಬೆಳ್ಳಗಿನ ಸಿರಪ್ ಕೊಟ್ಟರೆ ವಾಪಸು ಕೊಡಿ, ಅದರಲ್ಲಿ ಮೆಗ್ನೀಷಿಯಾ ಬೆರೆತಿರುತ್ತದೆ. ನಮಗೆ ಬೇಕಾದ್ದು ನೀರಿನಷ್ಟು ತಿಳಿಯಾದದ್ದು. ಮಕ್ಕಳ ಬೇಬಿ ಆಯಿಲ್‌ನಲ್ಲಿ ಸುಗಂಧ ಇರುವುದರಿಂದ ಅದೂ ಬೇಡ. ‘ಚಾಪಿಂಗ್ ಬೋರ್ಡ್ ಆಯಿಲ್’ ಎಂದು ಆನ್‌ಲೈನ್‌ನಲ್ಲಿ ದುಬಾರಿಗೆ ಮಾರುವ ಬಾಟಲಿಯ ಹಿಂಬದಿ ಓದಿ, ಬಹಳಷ್ಟರಲ್ಲಿ ಇರುವುದು ಇದೇ ಎಣ್ಣೆ.

ಪ್ಯಾರಾಫಿನ್ ಬೇಡವೆನ್ನುವವರಿಗೆ ಉಳಿಯುವುದು ತೆಂಗಿನೆಣ್ಣೆ. ಅದು ಬೇರೆ ಅಡುಗೆ ಎಣ್ಣೆಗಳಿಗಿಂತ ಬಹಳ ನಿಧಾನವಾಗಿ ಕೆಡುತ್ತದೆ. ಆದರೆ ಸುಮಾರು 24 ಡಿಗ್ರಿ ಸೆಲ್ಸಿಯಸ್‌ಗಿಂತ ತಂಪಾದರೆ ಹೆಪ್ಪುಗಟ್ಟುವುದರಿಂದ ಚಳಿಗಾಲದ ಬೆಂಗಳೂರಿನಲ್ಲಿ ಹಲಗೆಯ ಒಳಗಿಳಿಯದೆ ಮೇಲೆಯೇ ಬೆಳ್ಳಗೆ ಕೂರುತ್ತದೆ.

ಎರಡನೇ ತಪ್ಪು, ಹೆಚ್ಚುವ ಮೈಗೆ ಮಾತ್ರ ಹಚ್ಚುವುದು. ಮರದ ಉದ್ದಕ್ಕೂ ಸಣ್ಣ ಕೊಳವೆಗಳಿವೆ. ಅವುಗಳ ಬಾಯಿ ತೆರೆದಿರುವುದು ಎರಡು ತುದಿಗಳಲ್ಲಿ. ನೀರು ಹೀರುವುದೂ, ಬೇಸಿಗೆಯಲ್ಲಿ ಒಣಗಿ ಬಿರಿಯುವುದೂ ಅಲ್ಲಿಂದಲೇ. ಮೇಲ್ಮೈಗೆ ಒಂದು ಪಾಲು ಎಣ್ಣೆಯಾದರೆ ಅಷ್ಟೇ ಜಾಗದ ತುದಿಗೆ ಮೂರು ಪಾಲು ಬೇಕಾಗುತ್ತದೆ. ಇನ್ನು ಒಂದು ಮೈಗೆ ಎಣ್ಣೆ ಕುಡಿಸಿ ಅಡಿಭಾಗ ಬಿಟ್ಟರೆ, ಆ ಅಡಿಭಾಗ ಮಾತ್ರ ಗಾಳಿಯ ತೇವ ಹೀರಿ ಹಿಗ್ಗುತ್ತದೆ, ಹಲಗೆ ಬಾಗುತ್ತದೆ.

ಈಗ ಕೆಲಸ. ಎಣ್ಣೆಯ ಬಾಟಲಿಯನ್ನು ಬಿಸಿನೀರಿನ ಪಾತ್ರೆಯಲ್ಲಿ ಐದು ನಿಮಿಷ ಇಡಿ, ಉಗುರುಬೆಚ್ಚಗಾದರೆ ಸಾಕು. ಬೆಚ್ಚಗಿನ ಎಣ್ಣೆ ತೆಳುವಾಗಿ ಬೇಗ ಇಳಿಯುತ್ತದೆ. ಉರಿಯ ಮೇಲೆ ನೇರ ಇಡಬೇಡಿ. 14×10 ಇಂಚಿನ ಹಲಗೆಯ ಒಂದು ಮೈಗೆ ಒಂದು ದೊಡ್ಡ ಚಮಚ, ಅಂದರೆ 15 ಮಿ.ಲೀ. ಸುರಿದು ಬನಿಯನ್ ಬಟ್ಟೆಯಿಂದ ಎಳೆಯ ದಿಕ್ಕಿನಲ್ಲಿ ಹರಡಿ. ಹಲಗೆ ಮಗುಚಿ ಇನ್ನೊಂದು ಮೈಗೂ ಅಷ್ಟೇ. ಬದಿಗಳಿಗೆ, ಹಿಡಿಯ ತೂತಿನ ಒಳಗೆ ಬಟ್ಟೆಯ ತುದಿಯಿಂದ. ಕೊನೆಗೆ ಹಲಗೆಯನ್ನು ನಿಲ್ಲಿಸಿ ಎರಡೂ ತುದಿಗಳಿಗೆ ಹಚ್ಚಿ. ಹಚ್ಚಿದ್ದು ಎರಡೇ ನಿಮಿಷದಲ್ಲಿ ಮಾಯವಾಗುತ್ತದೆ, ಮತ್ತೆ ಹಚ್ಚಿ. ಕುಡಿಯುವುದು ನಿಲ್ಲಿಸುವ ತನಕ ಹಚ್ಚುತ್ತಲೇ ಇರಿ.

ಇಪ್ಪತ್ತು ನಿಮಿಷ ಬಿಟ್ಟು ನೋಡಿದರೆ ಅಲ್ಲಲ್ಲಿ ಮಾಸಿದ, ಒಣಗಿದ ತೇಪೆಗಳು ಕಾಣುತ್ತವೆ. ಅಲ್ಲಿಗಷ್ಟೇ ಇನ್ನೊಮ್ಮೆ ಸವರಿ. ಅಡಿಗೂ ಗಾಳಿಯಾಡುವಂತೆ ಎರಡು ಪೆನ್ಸಿಲ್‌ಗಳ ಮೇಲೆ ಮಲಗಿಸಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಒಣಬಟ್ಟೆಯಿಂದ ಗಟ್ಟಿಯಾಗಿ ಒರೆಸಿ. ಆ ರಾತ್ರಿ ಎರಡನೇ ಸಲ, ಅರ್ಧ ಎಣ್ಣೆಯಲ್ಲಿ. ಮಾರನೆಯ ರಾತ್ರಿ ಮೂರನೇ ಸಲ. ಹಚ್ಚಿದ ಎಣ್ಣೆ ನಾಲ್ಕು ಗಂಟೆ ಕಳೆದರೂ ಮೇಲೆಯೇ ನಿಂತಿದ್ದರೆ ಹಲಗೆಗೆ ಸಾಕಾಗಿದೆ ಎಂದು ತಿಳಿಯಿರಿ. ಮಾವಿನ ಮರ ನಾಲ್ಕನೇ ಸಲವನ್ನೂ ಕೇಳಬಹುದು. ಕೊನೆಯ ಸಲ ಒರೆಸಿದ ಮೇಲೆ ಒಂದು ದಿನ ಹಾಗೆಯೇ ಬಿಟ್ಟು ಬಳಸಲು ಶುರು ಮಾಡಿ.

ಬೇಗ ಮುಗಿಸಬೇಕೆಂದು ಮೂರು ಸಲದ ಎಣ್ಣೆಯನ್ನು ಒಂದೇ ಸಲ ಸುರಿದರೆ ಒಳಗಿಳಿಯುವುದು ಅಷ್ಟೇ, ಉಳಿದದ್ದು ಕಟ್ಟೆಗೆ. ಸಮಯವೇ ಇಲ್ಲದಿದ್ದರೆ ಮೇಲ್ಮೈಗೆ ಒಂದೇ ಸಲ ಹಚ್ಚಿ, ಆದರೆ ತುದಿಗಳಿಗೆ ಮೂರು ಸಲ ತಪ್ಪಿಸಬೇಡಿ.

ಹಂತ 5: ಜೇನುಮೇಣ

ಬರೀ ಎಣ್ಣೆ ಸೋಪಿಗೆ ಸ್ವಲ್ಪಸ್ವಲ್ಪವಾಗಿ ಹೋಗುತ್ತದೆ, ಮೇಣ ಅದನ್ನು ತಡೆಯುತ್ತದೆ. 20 ಗ್ರಾಂ ಜೇನುಮೇಣ ತುರಿದು 80 ಗ್ರಾಂ ಪ್ಯಾರಾಫಿನ್ ಎಣ್ಣೆಗೆ ಹಾಕಿ, ಕುದಿಯುವ ನೀರಿನೊಳಗೆ ಆ ಬಟ್ಟಲನ್ನಿಟ್ಟು ಕರಗಿಸಿ. ಮೇಣ ಕರಗುವುದು 62ರಿಂದ 64 ಡಿಗ್ರಿಯಲ್ಲಿ, ಹೆಚ್ಚು ಕಾಯಿಸಬೇಕಿಲ್ಲ. ಆರಿದರೆ ಮುಲಾಮಿನಂತಾಗುತ್ತದೆ. ಒಂದು ಚಮಚ ತೆಗೆದು ಎಲ್ಲ ಕಡೆ ತೆಳುವಾಗಿ ತಿಕ್ಕಿ, ಅರ್ಧ ಗಂಟೆ ಬಿಟ್ಟು ಒರೆಸಿ. ಮೇಣದಬತ್ತಿ ಕರಗಿಸಿ ಹಾಕುವ ಉಪಾಯ ಬೇಡ, ಅದು ಪುಡಿಯಾಗಿ ಏಳುತ್ತದೆ.

ಹಂತ 6: ದಿನದ ಬಳಕೆ

ಹಲಗೆ ಜಾರದಂತೆ ಕೆಳಗೆ ಒದ್ದೆ ಬಟ್ಟೆ ಹಿಂಡಿ ಹಾಸಿ. ಹೆಚ್ಚಿ ಮುಗಿದ ಕೂಡಲೇ ಆ ಬಟ್ಟೆ ತೆಗೆಯಲೇಬೇಕು. ಅದರ ಮೇಲೆಯೇ ಸಂಜೆಯ ತನಕ ಬಿಟ್ಟ ಹಲಗೆ ಎಷ್ಟು ಚೆನ್ನಾಗಿ ಪಳಗಿದ್ದರೂ ಬಾಗುತ್ತದೆ. ಒಂದು ಮೈ ಈರುಳ್ಳಿ, ಬೆಳ್ಳುಳ್ಳಿ, ಹಸಿಮೆಣಸಿಗೆ, ಇನ್ನೊಂದು ಹಣ್ಣಿಗೆ. ಅಂಚಿನಲ್ಲಿ ಚಾಕುವಿನಿಂದ ಸಣ್ಣ ಗುರುತು ಮಾಡಿಟ್ಟುಕೊಳ್ಳಿ, ಇಲ್ಲದಿದ್ದರೆ ಸೇಬು ಬೆಳ್ಳುಳ್ಳಿ ನಾರುತ್ತದೆ. ಹಲಸಿನ ಹಣ್ಣು ಬಿಡಿಸಲು ಹಲಗೆ ಬೇಡ, ಬಾಳೆಲೆ ಹಾಸಿಕೊಳ್ಳಿ. ಹಣ್ಣಿನ ಅಂಟುಮೇಣ ಮೆತ್ತಿಬಿಟ್ಟರೆ ಮೊದಲು ತೆಂಗಿನೆಣ್ಣೆಯಿಂದ ಉಜ್ಜಿ, ಆಮೇಲೆ ಸೋಪು. ದೊಡ್ಡ ಕುಂಬಳಕಾಯಿಗೆ ಈಳಿಗೆಮಣೆ ಅಥವಾ ಮೆಟ್ಟುಕತ್ತಿ ಇದ್ದರೆ ಅದನ್ನೇ ಬಳಸಿ.

ಮೀನು, ಮಾಂಸಕ್ಕೆ ಬೇರೆಯೇ ಹಲಗೆ ಇರಲಿ. ಅದು ಪ್ಲಾಸ್ಟಿಕ್‌ನದೇ ಆಗಬೇಕು ಎಂಬ ನಂಬಿಕೆಯನ್ನು ಅಮೆರಿಕದ ಆಹಾರ ವಿಜ್ಞಾನಿ ಡೀನ್ ಕ್ಲೈವರ್ 1990ರ ದಶಕದಲ್ಲಿ ಪರೀಕ್ಷೆಗೊಡ್ಡಿದ್ದರು. ಮರದ ಮೇಲೆ ಬಿದ್ದ ಬ್ಯಾಕ್ಟೀರಿಯಾ ಒಳಗಿಳಿದು, ಅಲ್ಲಿ ಬೆಳೆಯಲಾರದೆ ಕ್ರಮೇಣ ಸಾಯುತ್ತಿದ್ದವು. ಪ್ಲಾಸ್ಟಿಕ್ ಹೊಸದಿದ್ದಾಗ ತೊಳೆಯಲು ಸುಲಭ, ಚಾಕುವಿನ ಗೀರುಗಳು ತುಂಬಿದ ಮೇಲೆ ಕೈಯಲ್ಲಿ ಎಷ್ಟು ತೊಳೆದರೂ ಪೂರ್ತಿ ಶುದ್ಧವಾಗುತ್ತಿರಲಿಲ್ಲ. ಪ್ಲಾಸ್ಟಿಕ್ ಇಟ್ಟುಕೊಂಡವರು ಗೀರಿನಲ್ಲಿ ಉಗುರು ಸಿಕ್ಕಿಕೊಳ್ಳುವಂತಾದಾಗ ಅದನ್ನು ಎಸೆಯಬೇಕು.

ಹಂತ 7: ತೊಳೆಯುವುದು

ಹೆಚ್ಚಿದ ಕೂಡಲೇ, ಎರಡೂ ಮೈ, ಸೋಪು ಮತ್ತು ತೆಂಗಿನ ನಾರಿನಿಂದ. ಸ್ಟೀಲ್ ಜುಂಗು ಬೇಡ. ಸಿಂಕಿನಲ್ಲಿ ನೆನೆಹಾಕಬೇಡಿ, ಡಿಶ್‌ವಾಷರ್‌ಗೆ ಹಾಕಬೇಡಿ. ಕೆಲಸದವರು ಪಾತ್ರೆ ತೊಳೆಯುವ ಮನೆಯಲ್ಲಿ ಹಲಗೆಯನ್ನು ಸಿಂಕಿನಿಂದ ದೂರವೇ ಇಡಿ. ಒರೆಸಿದ ಮೇಲೆ ಉದ್ದನೆಯ ಅಂಚಿನ ಮೇಲೆ ನಿಲ್ಲಿಸಿ. ತುದಿಯ ಮೇಲೆ ನಿಲ್ಲಿಸಿದರೆ ಕೆಳಗಿಳಿದ ನೀರನ್ನು ಆ ಕೊಳವೆಗಳ ಬಾಯಿ ಮತ್ತೆ ಹೀರುತ್ತದೆ. ಬಿಸಿಲಿಗಿಡುವ ಅಭ್ಯಾಸವನ್ನು ಬಿಡಿ. ರಾಯಚೂರು, ಕಲಬುರಗಿಯ ಏಪ್ರಿಲ್ ಬಿಸಿಲಿಗೆ ಒದ್ದೆ ಹಲಗೆ ಇಟ್ಟರೆ ಸೀಳುವುದು ಖಂಡಿತ.

ಈರುಳ್ಳಿ ವಾಸನೆಗೆ ಕಲ್ಲುಪ್ಪು ಉದುರಿಸಿ ಹಿಂಡಿದ ನಿಂಬೆ ಹೋಳಿನಿಂದ ತಿಕ್ಕಿ, ಐದು ನಿಮಿಷ ಬಿಟ್ಟು ತೊಳೆಯಿರಿ. ಬಾಳೆಕಾಯಿ, ಬಾಳೆಹೂವಿನ ಒಗರು ಕಬ್ಬಿಣದ ಚಾಕುವಿನೊಂದಿಗೆ ಸೇರಿ ಮಾಡುವ ಕಪ್ಪು ಕಲೆಗೂ ನಿಂಬೆಯೇ ಮದ್ದು. ಅರಿಶಿನದ ಕಲೆ ಸೋಪು ತಾಗಿ ಕೆಂಪಾದರೆ ಹೆದರಬೇಡಿ: ಸುಣ್ಣ ಬೆರೆಸಿ ಕುಂಕುಮ ಮಾಡುವಾಗ ಆಗುವುದೂ ಇದೇ, ತೊಳೆದರೆ ಮತ್ತೆ ಹಳದಿಗೆ ಬರುತ್ತದೆ. ಆ ಹಳದಿ ಬೆಳಕಿಗೆ ತಾನೇ ಮಾಸುತ್ತದೆ. ಕಿಟಕಿಯ ಪಕ್ಕ ನಿಲ್ಲಿಸಿ, ಕೆಲವು ದಿನ ಕಾಯಿರಿ.

ಕೆಟ್ಟುಹೋದರೆ

ತಿಂಗಳಿಗೊಮ್ಮೆ ಹಲಗೆಯ ಮೇಲೆ ನಾಲ್ಕು ಹನಿ ನೀರು ಬಿಡಿ. ಮಣಿಯಂತೆ ನಿಂತರೆ ಸರಿ, ಎರಡು ನಿಮಿಷದಲ್ಲಿ ಹೀರಿ ಆ ಜಾಗ ಕಪ್ಪಾದರೆ ಒಂದು ಸಲ ಎಣ್ಣೆ ಹಚ್ಚಿ. ಒಣ ಊರುಗಳಲ್ಲಿ ಫೆಬ್ರುವರಿಯಿಂದ ಮೇ ತನಕ ಪರೀಕ್ಷೆಯೇ ಬೇಡ, ಪ್ರತಿ ತಿಂಗಳೂ ಹಚ್ಚಿ.

ಬಾಗಿದ ಹಲಗೆಯಲ್ಲಿ ಒಳಗೆ ತಗ್ಗಾದ ಮೈ ಒಣಗಿ ಕುಗ್ಗಿರುವುದು, ಉಬ್ಬಿದ ಮೈ ತೇವ ಕುಡಿದಿರುವುದು. ಉಬ್ಬಿನ ಮೇಲೆ ಬರೀ ಭಾರ ಹೇರಿದರೆ ಸರಿಯಾಗದು. ತಗ್ಗಾದ ಮೈ ಕೆಳಗಾಗುವಂತೆ ಹಿಂಡಿದ ಒದ್ದೆ ಟವೆಲ್ ಮೇಲಿಟ್ಟು ರಾತ್ರಿ ಬಿಡಿ, ಮೇಲೆ ಒಂದು ತುಂಬಿದ ಡಬ್ಬ ಇಡಿ. ನೇರವಾದ ಮೇಲೆ ನಿಲ್ಲಿಸಿ ಒಣಗಿಸಿ, ಎರಡೂ ಮೈಗೆ ಎಣ್ಣೆ ಕುಡಿಸಿ.

ಅಡುಗೆ ಎಣ್ಣೆ ಹಚ್ಚಿ ಜಿಗುಟಾದ ಹಲಗೆಗೆ ಅಡುಗೆ ಸೋಡಾ ಮತ್ತು ಬಿಸಿನೀರಿನ ಪೇಸ್ಟ್ ತಿಕ್ಕಿ ತೊಳೆದು, ಒಣಗಿಸಿ, 120ರಿಂದ ಉಜ್ಜಿ ಮೂರನೇ ಹಂತದಿಂದ ಮತ್ತೆ ಶುರು ಮಾಡಿ. ಕಪ್ಪು ಬೂಷ್ಟಿನ ಚುಕ್ಕೆಯೂ ಉಜ್ಜಿದರೆ ಹೋಗುತ್ತದೆ. ಹೋಗದಷ್ಟು ಆಳವಿದ್ದರೆ, ಅಥವಾ ಚಾಕುವಿನ ತುದಿ ಇಳಿಯುವಷ್ಟು ಬಿರುಕಿದ್ದರೆ, ಆ ಹಲಗೆ ಅಡುಗೆಗೆ ಬೇಡ. ಬಿರುಕಿಗೆ ಫೆವಿಕಾಲ್ ತುಂಬಿ ಮತ್ತೆ ತರಕಾರಿ ಹೆಚ್ಚಬೇಡಿ.

ಉಳಿದ ಮೇಣದ ಮುಲಾಮನ್ನು ಡಬ್ಬಿಯಲ್ಲಿ ಮುಚ್ಚಿಡಿ. ಲಟ್ಟಣಿಗೆ, ಚಪಾತಿ ಮಣೆ, ಕಡಗೋಲು, ಮರದ ಸೌಟುಗಳಿಗೂ ಅದೇ ಆಗುತ್ತದೆ. ಕಡಗೋಲಿನ ಹಲ್ಲುಗಳ ಸಂದಿಗೆ ಹಳೆ ಟೂತ್‌ಬ್ರಷ್‌ನಿಂದ ಹಚ್ಚಿ.