ಹೊಸ ಹನ್ನೆರಡು ತಂತಿಯ ಗಿಟಾರ್: ಮೊದಲು ಶ್ರುತಿ ಇಳಿಸಿ, ಆಮೇಲೆ ನುಡಿಸಿ

ಆರು ತಂತಿಯ ಗಿಟಾರ್ ಬಲ್ಲವರಿಗೆ ಹನ್ನೆರಡು ತಂತಿಯದ್ದು ತೀರಾ ಹೊಸದೇನಲ್ಲ. ಕಾರ್ಡ್‌ಗಳು ಅವೇ, ಬೆರಳಿಡುವ ಜಾಗವೂ ಅದೇ. ಶ್ರುತಿ ಮಾಡಲು ಕೂತಾಗಲೇ ಗೊತ್ತಾಗುವುದು ಇದರ ಲೆಕ್ಕವೇ ಬೇರೆ ಅಂತ. ತಂತಿ ಹರಿಯುವುದು, ಬೆರಳು ಉರಿಯುವುದು, ಎಷ್ಟು ತಿರುಗಿಸಿದರೂ ಶ್ರುತಿ ನಿಲ್ಲದಿರುವುದು, ವರ್ಷ ಕಳೆಯುವಷ್ಟರಲ್ಲಿ ಬ್ರಿಡ್ಜ್ (ಒಡಲಿನ ಮೇಲೆ ತಂತಿಗಳನ್ನು ಹಿಡಿದಿಡುವ ಪಟ್ಟಿ) ಮೇಲೇಳುವುದು: ಈ ದೂರುಗಳಲ್ಲಿ ಬಹುಪಾಲು ಒಂದೇ ಕಡೆಯಿಂದ ಬರುತ್ತವೆ, ಅಗತ್ಯಕ್ಕಿಂತ ಹೆಚ್ಚಿನ ಬಿಗಿತ. ಹಾಗಾಗಿ ತಂದ ದಿನವೇ ಇದನ್ನು ಮಾಮೂಲಿ ಇ ಶ್ರುತಿಗೆ ಏರಿಸಬೇಡಿ. ಡಿಯಲ್ಲಿಡಿ. ಯಾಕೆ, ಹೇಗೆ ಅನ್ನುವುದು ಮುಂದಿದೆ.

ಮೊದಲು ಜೋಡಿಗಳ ಪರಿಚಯ

ಹನ್ನೆರಡು ತಂತಿ ಅಂದರೆ ಆರು ಜೋಡಿ. ಮೇಲ್ಶ್ರುತಿಯ ಎರಡು ಜೋಡಿಗಳಲ್ಲಿ, ಅಂದರೆ ಮೊದಲನೆಯ ಇ ಮತ್ತು ಎರಡನೆಯ ಬಿ ಜೋಡಿಯಲ್ಲಿ, ಎರಡೂ ತಂತಿ ಒಂದೇ ದಪ್ಪ, ಒಂದೇ ಸ್ವರ. ಉಳಿದ ನಾಲ್ಕರಲ್ಲಿ (ಜಿ, ಡಿ, ಎ, ಕೆಳಗಿನ ಇ) ಒಂದು ದಪ್ಪ ತಂತಿ, ಪಕ್ಕದಲ್ಲಿ ಒಂದು ಸ್ಥಾಯಿ ಮೇಲಿರುವ ಸಣ್ಣ ತಂತಿ. ಹೆಚ್ಚಿನ ಗಿಟಾರ್‌ಗಳಲ್ಲಿ ಈ ಸಣ್ಣ ತಂತಿ ಹೆಬ್ಬೆರಳಿನ ಬದಿಗಿರುತ್ತದೆ. ಕೆಳಮುಖವಾಗಿ ಮೀಟಿದರೆ ಮೊದಲು ತಾಗುವುದು ಅದೇ. ಆ ಮಿನುಗುವ ನಾದದ ಅರ್ಧ ಗುಟ್ಟು ಅಲ್ಲಿದೆ. ರಿಕನ್‌ಬ್ಯಾಕರ್ ಎಲೆಕ್ಟ್ರಿಕ್ ಗಿಟಾರ್‌ಗಳಲ್ಲಿ ಮಾತ್ರ ಈ ಕ್ರಮ ತಿರುಗುಮುರುಗು. ಅಲ್ಲಿ ದಪ್ಪ ತಂತಿ ಮೊದಲು.

ಸಾಮಾನ್ಯ ಹಗುರ ಸೆಟ್ಟಿನ ದಪ್ಪಗಳು ಇಂಚಿನ ಸಾವಿರದ ಭಾಗದಲ್ಲಿ ಹೀಗಿರುತ್ತವೆ: ಇ 10 ಮತ್ತು 10, ಬಿ 14 ಮತ್ತು 14, ಜಿ 23 ಮತ್ತು 8, ಡಿ 30 ಮತ್ತು 12, ಎ 39 ಮತ್ತು 18, ಕೆಳಗಿನ ಇ 47 ಮತ್ತು 27. ಈ 8ರ ತಂತಿಯನ್ನು ಚೆನ್ನಾಗಿ ನೋಡಿಟ್ಟುಕೊಳ್ಳಿ. ಮಿಲಿಮೀಟರಿನಲ್ಲಿ ಹೇಳಿದರೆ 0.2. ಇಡೀ ಗಿಟಾರಿನಲ್ಲಿ ಅತಿ ಮೇಲಿನ ಸ್ವರ ಮೊದಲನೇ ತಂತಿಯದ್ದಲ್ಲ, ಇದರದ್ದು. ಇ ತಂತಿ 330 ಹರ್ಟ್ಸ್‌ನಲ್ಲಿ ನುಡಿದರೆ ಇದು 392ರಲ್ಲಿ ನುಡಿಯುತ್ತದೆ.

ಗಿಟಾರನ್ನು ಬೆಳಕಿನಲ್ಲಿ ಮಡಿಲ ಮೇಲೆ ಮಲಗಿಸಿಕೊಂಡು, ಪ್ರತಿ ತಂತಿಯನ್ನೂ ನಟ್‌ನಿಂದ (ಕತ್ತಿನ ತುದಿಯಲ್ಲಿ ತಂತಿಗಳು ಕೂರುವ ತೋಡುಗಳ ಪಟ್ಟಿ) ಅದರ ಪೆಗ್‌ವರೆಗೆ (ತಂತಿ ಸುತ್ತುವ ಗೂಟ) ಬೆರಳಿನಿಂದ ಹಿಂಬಾಲಿಸಿ. ಜೋಡಿಯ ಯಾವ ತಂತಿ ಯಾವ ಪೆಗ್‌ಗೆ ಹೋಗುತ್ತದೆ ಅನ್ನುವುದು ತಯಾರಕರಿಂದ ತಯಾರಕರಿಗೆ ಬದಲಾಗುತ್ತದೆ. ಮೀಟುವುದು ಒಂದು ತಂತಿ, ತಿರುಗಿಸುವುದು ಇನ್ನೊಂದರ ಕೀ. ಟ್ಯೂನರ್ ಮುಳ್ಳು ಅಲ್ಲಾಡುತ್ತಿಲ್ಲವಲ್ಲ ಅಂತ ಇನ್ನೂ ಅರ್ಧ ಸುತ್ತು, ಟಪ್. ಹೊಸಬರ ಕೈಯಲ್ಲಿ ತಂತಿ ಹರಿಯುವುದು ಹೆಚ್ಚಾಗಿ ಹೀಗೇ.

ಅಂಗಡಿಗೆ ಮರಳಿಸುವ ಅವಕಾಶ ಇರುವಾಗಲೇ

ಒಂದಷ್ಟು ತಪಾಸಣೆ ಮುಗಿಸಿಬಿಡಿ. ಬ್ರಿಡ್ಜ್‌ನ ಹಿಂಬದಿಯ ಅಂಚಿಗೆ ತೆಳು ಕಾಗದದ ಮೂಲೆಯನ್ನು ತಾಗಿಸಿ ನೋಡಿ. ಎಲ್ಲಿಯೂ ಒಳಗೆ ಜಾರಬಾರದು. ಜಾರಿದರೆ ಅಂಟು ಬಿಡುತ್ತಿದೆ ಎಂದರ್ಥ. ಬ್ರಿಡ್ಜ್ ಹಿಂದಿನ ಮರ ಚೂರು ಉಬ್ಬಿರುವುದು ಮಾತ್ರ ದೋಷವಲ್ಲ. ಇಷ್ಟು ಎಳೆತಕ್ಕೆ ತೀರಾ ಚಪ್ಪಟೆಯಾಗಿ ನಿಲ್ಲುವ ಹಲಗೆಯಿಂದ ಒಳ್ಳೆಯ ನಾದ ಬರುವುದು ಅಪರೂಪ.

ಮುಂದೆ ಕತ್ತು. ಮೊದಲನೇ ಫ್ರೆಟ್ಟಿಗೆ (ಕತ್ತಿನ ಮೇಲಿನ ಅಡ್ಡ ಲೋಹದ ಪಟ್ಟಿ) ಕ್ಯಾಪೊ (ಎಲ್ಲ ತಂತಿಗಳನ್ನೂ ಒತ್ತಿಹಿಡಿಯುವ ಹಿಡಿಕೆ) ಹಾಕಿ, ಕತ್ತು ಒಡಲಿಗೆ ಸೇರುವ ಫ್ರೆಟ್ಟಿನಲ್ಲಿ ದಪ್ಪ ಇ ತಂತಿಯನ್ನು ಒತ್ತಿಹಿಡಿದು, ಏಳನೇ ಫ್ರೆಟ್ ಮೇಲಿನ ಸಂದು ನೋಡಿ. 0.15ರಿಂದ 0.25 ಮಿ.ಮೀ. ಇರಬೇಕು, ಸಾಮಾನ್ಯ ಪ್ರಿಂಟರ್ ಕಾಗದದ ಎರಡು ಹಾಳೆ ಬಿಗಿಯಾಗಿ ತೂರುವಷ್ಟು. ಹೆಚ್ಚಿದ್ದರೆ ಟ್ರಸ್ ರಾಡನ್ನು (ಕತ್ತಿನ ಬಾಗು ಸರಿಪಡಿಸಲು ಅದರೊಳಗಿರುವ ಲೋಹದ ಸರಳು) ಪ್ರದಕ್ಷಿಣೆಯಾಗಿ ಸುತ್ತಿನ ಎಂಟನೇ ಒಂದು ಭಾಗ ತಿರುಗಿಸಿ, ಮತ್ತೆ ಶ್ರುತಿ ಮಾಡಿ, ಮತ್ತೆ ಅಳೆಯಿರಿ. ಬಿಗಿಯಾಗಿ ತಡೆದರೆ ಅಲ್ಲಿಗೇ ನಿಲ್ಲಿಸಿ, ಬಲ್ಲವರಿಗೆ ಕೊಡಿ. ಗಿಲ್ಡ್‌ನಂಥ ಕೆಲವು ತಯಾರಕರ ಹನ್ನೆರಡು ತಂತಿಯ ಮಾದರಿಗಳಲ್ಲಿ ಎರಡು ಟ್ರಸ್ ರಾಡ್ ಇರುತ್ತವೆ. ಅಂಥದ್ದಾದರೆ ಎರಡನ್ನೂ ಸಮಸಮವಾಗಿ ತಿರುಗಿಸಬೇಕು, ಇಲ್ಲದಿದ್ದರೆ ಕತ್ತು ತಿರುಚಿಕೊಳ್ಳುತ್ತದೆ.

ಹನ್ನೆರಡನೇ ಫ್ರೆಟ್ಟಿನಲ್ಲಿ, ಫ್ರೆಟ್‌ನ ನೆತ್ತಿಯಿಂದ ತಂತಿಯ ತಳದವರೆಗೆ, ದಪ್ಪ ಇ 2.0ರಿಂದ 2.4 ಮಿ.ಮೀ., ಸಣ್ಣ ಇ 1.6ರಿಂದ 1.8 ಮಿ.ಮೀ. ಇದ್ದರೆ ಬೆರಳಿಗೆ ಹಿತ. ಎತ್ತರ ಹೆಚ್ಚಿದ್ದರೆ ಬ್ರಿಡ್ಜ್ ಮೇಲೆ ತಂತಿಗಳು ಕೂರುವ ತೆಳು ಪಟ್ಟಿಯ, ಅಂದರೆ ಸ್ಯಾಡಲ್‌ನ, ತಳವನ್ನು ಉಜ್ಜಬಹುದು. ಸ್ಯಾಡಲ್ 1 ಮಿ.ಮೀ. ತಗ್ಗಿದರೆ ಹನ್ನೆರಡನೇ ಫ್ರೆಟ್ಟಿನಲ್ಲಿ 0.5 ಮಿ.ಮೀ. ತಗ್ಗುತ್ತದೆ. ಆದರೆ ಎತ್ತರವೂ ಜಾಸ್ತಿ, ಸ್ಯಾಡಲ್ ಕೂಡ ಬ್ರಿಡ್ಜ್‌ನಿಂದ ಒಂದೆರಡು ಮಿ.ಮೀ. ಮಾತ್ರ ಮೇಲೆ ಉಳಿದಿದೆ ಅಂದರೆ ಕತ್ತಿನ ಕೋನವೇ ಸರಿಯಿಲ್ಲ. ಅದರ ರಿಪೇರಿ ದುಬಾರಿ. ಹೊಸ ಗಿಟಾರಿನಲ್ಲಿ ಹೀಗಿದ್ದರೆ ಉಜ್ಜಲು ಹೋಗದೆ ವಾಪಸ್ ಕೊಡಿ.

ನಟ್ ಕೂಡ ನೋಡಿ. ಮೂರನೇ ಫ್ರೆಟ್ಟಿನಲ್ಲಿ ತಂತಿ ಒತ್ತಿದಾಗ ಮೊದಲನೇ ಫ್ರೆಟ್ ಮೇಲೆ ಕೂದಲೆಳೆಯಷ್ಟೇ ಸಂದಿರಬೇಕು. ಬಯಲು ತಂತಿಗಳು (ಬೆರಳಿಡದೆ ಮೀಟುವವು) ಶ್ರುತಿಯಲ್ಲಿದ್ದೂ ಎಫ್ ಕಾರ್ಡ್ ಹಿಡಿದರೆ ಅಪಸ್ವರ ಬರುತ್ತದೆ, ಜೊತೆಗೆ ಬೆರಳು ನೋಯುತ್ತದೆ ಅಂದರೆ ನಟ್‌ನ ತೋಡುಗಳು ಎತ್ತರವಿವೆ.

ಡಿ ಶ್ರುತಿ ಯಾಕೆ

ಹಗುರ ಸೆಟ್ ಹಾಕಿದ ಆರು ತಂತಿಯ ಗಿಟಾರಿನಲ್ಲಿ ಒಟ್ಟು ಎಳೆತ ಸುಮಾರು 75 ಕೆ.ಜಿ. ಹನ್ನೆರಡರಲ್ಲಿ ಅದು 110ರ ಆಸುಪಾಸು. ಎಲ್ಲ ತಂತಿಗಳನ್ನೂ ಎರಡು ಸೆಮಿಟೋನ್ (ಒಂದು ಸೆಮಿಟೋನ್ ಅಂದರೆ ಒಂದು ಫ್ರೆಟ್ಟಿನಷ್ಟು ಅಂತರ) ಇಳಿಸಿದರೆ ಎಳೆತ ಸುಮಾರು ಶೇ. 20 ಕಡಿಮೆಯಾಗುತ್ತದೆ; ಒಂದೇ ಸೆಮಿಟೋನ್ ಇಳಿಸಿದರೂ ಶೇ. 11. ಇಪ್ಪತ್ತು ಕಿಲೋ ಭಾರ ಬ್ರಿಡ್ಜ್ ಮೇಲಿಂದ ಇಳಿದಂತೆ, ನಿಮ್ಮ ಎಡಗೈ ಮೇಲಿಂದಲೂ. ನಾದ ಕೆಡುವುದಿಲ್ಲ, ತುಂಬಿಕೊಳ್ಳುತ್ತದೆ. ಈ ವಾದ್ಯವನ್ನು ಜನಪ್ರಿಯಗೊಳಿಸಿದವರಲ್ಲಿ ಒಬ್ಬರಾದ ಅಮೆರಿಕದ ಬ್ಲೂಸ್ ಗಾಯಕ ಲೆಡ್ ಬೆಲಿ ಇದಕ್ಕಿಂತಲೂ ಬಹಳ ಕೆಳಗಿನ ಶ್ರುತಿಯಲ್ಲೇ ನುಡಿಸುತ್ತಿದ್ದರು.

ದಪ್ಪ ತಂತಿಯಿಂದ ಸಣ್ಣದರ ಕಡೆಗೆ ಶ್ರುತಿ ಹೀಗೆ: ಡಿ, ಜಿ, ಸಿ, ಎಫ್, ಎ, ಡಿ. ಬೇರೆಯವರ ಜೊತೆ ನುಡಿಸಬೇಕಾದಾಗ ಎರಡನೇ ಫ್ರೆಟ್ಟಿಗೆ ಕ್ಯಾಪೊ ಹಾಕಿದರೆ ಮಾಮೂಲಿ ಇ ಶ್ರುತಿ ಸಿಕ್ಕಿತು. ಆದರೆ ಆರು ತಂತಿಯ ಕ್ಯಾಪೊ ಇಲ್ಲಿ ಸಾಲುವುದಿಲ್ಲ. ದಪ್ಪ ತಂತಿಯ ಮಗ್ಗುಲಲ್ಲಿರುವ ಸಣ್ಣದಕ್ಕೆ ರಬ್ಬರ್ ಸರಿಯಾಗಿ ತಾಗದೆ ಅದು ಮಂಕಾಗಿ ಗುಂಯ್‌ಗುಡುತ್ತದೆ. ಹನ್ನೆರಡು ತಂತಿಗೆಂದೇ ಮಾಡಿದ ಕ್ಯಾಪೊ ಕೊಳ್ಳಿ, ಅಥವಾ ಸ್ಕ್ರೂ ಇರುವಂಥದ್ದು. ಫ್ರೆಟ್ಟಿಗೆ ಅಂಟಿದಂತೆ ಹಾಕಿ, ಹನ್ನೆರಡನ್ನೂ ಒಂದೊಂದಾಗಿ ಮೀಟಿ ನೋಡಿ.

8ರ ತಂತಿಯ ವಿಷಯಕ್ಕೆ ಬರೋಣ. ಅದು ಪದೇಪದೇ ಹರಿದರೆ 9ರದ್ದು ಹಾಕಿ ಅನ್ನುವ ಸಲಹೆ ಎಲ್ಲೆಡೆ ಸಿಗುತ್ತದೆ. ಅದರಿಂದ ಅಂಥ ಪ್ರಯೋಜನವಿಲ್ಲ. ತಂತಿ ದಪ್ಪವಾದಷ್ಟೂ ಅದೇ ಸ್ವರಕ್ಕೆ ಹೆಚ್ಚು ಎಳೆಯಬೇಕು, ಹಾಗಾಗಿ ಉಕ್ಕಿನ ಮೇಲೆ ಬೀಳುವ ಒತ್ತಡ ಬಹುತೇಕ ಅಷ್ಟೇ ಉಳಿಯುತ್ತದೆ. ಆ ಒತ್ತಡವನ್ನು ತೀರ್ಮಾನಿಸುವುದು ತಂತಿಯ ಉದ್ದ ಮತ್ತು ಸ್ವರ. ಮೇಲಿನ ಜಿ, ಮೊದಲನೇ ಇ ತಂತಿಗಿಂತ ಮೂರು ಸೆಮಿಟೋನ್ ಮೇಲಿರುವುದರಿಂದ ಅದರ ಮೇಲಿನ ಒತ್ತಡ ಶೇ. 41ರಷ್ಟು ಹೆಚ್ಚು. ಅದನ್ನು ಕಡಿಮೆ ಮಾಡುವ ದಾರಿ ಒಂದೇ, ಶ್ರುತಿ ಇಳಿಸುವುದು. ಇಳಿಸಿದ ಮೇಲೂ ಹರಿಯುತ್ತಿದ್ದರೆ ತುಂಡಾದ ಜಾಗ ನೋಡಿ: ನಟ್ ಹತ್ತಿರವಾದರೆ ಅದರ ತೋಡು ತಂತಿಯನ್ನು ಕಚ್ಚುತ್ತಿದೆ, ಸ್ಯಾಡಲ್ ಹತ್ತಿರವಾದರೆ ಅಲ್ಲಿ ಚೂಪು ಅಂಚಿದೆ, ಪೆಗ್ ಹತ್ತಿರವಾದರೆ ಅದರ ರಂಧ್ರದ ಅಂಚು ಕೊಯ್ಯುತ್ತಿದೆ.

ಶ್ರುತಿ ಮಾಡುವ ಕ್ರಮ

ಮೊದಲು ಆರು ಮುಖ್ಯ ತಂತಿಗಳು, ಅಂದರೆ ನಾಲ್ಕು ದಪ್ಪನೆಯವು, ಜೊತೆಗೆ ಬಿ ಮತ್ತು ಇ ಜೋಡಿಯಿಂದ ಒಂದೊಂದು. ಜೊತೆಗಾರ ತಂತಿಯನ್ನು ಬೆರಳಿನಿಂದಲೋ ಪಿಕ್ ತುದಿಯಿಂದಲೋ ಮುಟ್ಟಿ ಸುಮ್ಮನಾಗಿಸಿ, ಒಂದನ್ನೇ ಮೀಟಿ. ಯಾವಾಗಲೂ ಕೆಳಗಿನಿಂದ ಮೇಲಕ್ಕೆ ಏರಿಸಿ. ಸ್ವರ ದಾಟಿತು ಅಂದರೆ ಚೂರು ಸಡಿಲಿಸಿ ಮತ್ತೆ ಏರಿಸಿ. ಸಡಿಲಿಸಿ ನಿಲ್ಲಿಸಿದರೆ ಪೆಗ್‌ನ ಹಲ್ಲುಗಳ ನಡುವೆ ಉಳಿದ ಸಡಿಲ ಆಮೇಲೆ ಜಾರಿ ಶ್ರುತಿ ಇಳಿಯುತ್ತದೆ.

ಆರೂ ಆದ ಮೇಲೆ ಜೊತೆಗಾರರನ್ನು ಏರಿಸಿ. ಅಷ್ಟರಲ್ಲಿ ಮೊದಲು ಕೂಡಿಸಿದವು ಕೆಳಗಿಳಿದಿರುತ್ತವೆ, ಯಾಕೆಂದರೆ ಎಳೆತ ಹೆಚ್ಚಿದಂತೆ ಕತ್ತು ಮತ್ತು ಮೇಲ್ಹಲಗೆ ಎರಡೂ ತುಸು ಬಾಗುತ್ತವೆ. ಬೇಸರಿಸದೆ ಇನ್ನೊಂದು ಸುತ್ತು, ಹೊಸ ತಂತಿಯಾದರೆ ಮತ್ತೂ ಒಂದು. ಒಂದು ಎಚ್ಚರಿಕೆ: ಹೆಚ್ಚಿನ ಕ್ಲಿಪ್ ಟ್ಯೂನರ್‌ಗಳು ಸ್ವರದ ಹೆಸರನ್ನಷ್ಟೇ ತೋರಿಸುತ್ತವೆ, ಸ್ಥಾಯಿಯನ್ನಲ್ಲ. ಎಫ್ ಅಂತ ಹಸಿರು ದೀಪ ಬಂದರೂ ತಂತಿ ಒಂದು ಸ್ಥಾಯಿ ಕೆಳಗೆ ಜೋಲುತ್ತಿರಬಹುದು. ಜೊತೆಗಿರುವ ದಪ್ಪ ತಂತಿಯ ಹನ್ನೆರಡನೇ ಫ್ರೆಟ್ ಒತ್ತಿ ಮೀಟಿ. ಸಣ್ಣದು ಬಯಲಾಗಿ ಅದೇ ಸ್ವರ ಕೊಡಬೇಕು.

ಕೊನೆಯದು ಕಿವಿಯ ಕೆಲಸ. ಒಂದೇ ಸ್ವರದ ಜೋಡಿಯನ್ನು ಒಟ್ಟಿಗೆ ಮೀಟಿದಾಗ ವ್ಹಾಂ ವ್ಹಾಂ ಅಂತ ನಾದ ಏರಿಳಿಯುತ್ತಿದ್ದರೆ ಎರಡರ ನಡುವೆ ವ್ಯತ್ಯಾಸವಿದೆ. ಸೆಕೆಂಡಿಗೆ ಒಂದು ಏರಿಳಿತವಾದರೆ 1 ಹರ್ಟ್ಸ್. ಅದು ನಿಧಾನವಾಗುತ್ತಾ ಬಂದು ನಿಲ್ಲುವವರೆಗೆ ಜೊತೆಗಾರ ತಂತಿಯನ್ನು ಹೊಂದಿಸಿ. ಟ್ಯೂನರ್ ಎರಡಕ್ಕೂ ಹಸಿರು ತೋರಿಸಿದರೂ ಈ ಏರಿಳಿತ ಉಳಿಯಬಹುದು, ಏಕೆಂದರೆ ಅದರ ನಿಖರತೆಗೊಂದು ಮಿತಿ ಇದೆ. ಅತಿ ನಿಧಾನದ ಒಂದು ಅಲೆ ಉಳಿದರೆ ತಲೆ ಕೆಡಿಸಿಕೊಳ್ಳಬೇಕಿಲ್ಲ, ಈ ವಾದ್ಯದ ಸೊಗಸೇ ಅದು.

ಕೈಗೆ ಅಭ್ಯಾಸ

ಬೆರಳಿನ ತೀರಾ ತುದಿ ಜೋಡಿಯ ನಡುವೆ ಇಳಿದು ಎರಡನ್ನೂ ಅಗಲಿಸುತ್ತದೆ. ತುದಿಗಿಂತ ಚೂರು ಹಿಂದಿನ ಮೆತ್ತನೆ ಭಾಗ ಬಳಸಿ, ಫ್ರೆಟ್ಟಿಗೆ ಸಮೀಪ ಒತ್ತಿ. ಗಟ್ಟಿಯಾಗಿ ಅದುಮಿದರೆ ತಂತಿಗಳು ಸ್ವರಕ್ಕಿಂತ ಮೇಲೇರುತ್ತವೆ, ಸಣ್ಣದೂ ದಪ್ಪನೆಯದೂ ಒಂದೇ ಅಳತೆಯಲ್ಲಿ ಏರುವುದಿಲ್ಲ. ಜೋಡಿಯೇ ಒಂದಕ್ಕೊಂದು ಅಪಸ್ವರವಾಗುತ್ತದೆ. ಬಾರ್ ಕಾರ್ಡ್‌ಗಳನ್ನು (ಒಂದೇ ಬೆರಳನ್ನು ಅಡ್ಡಲಾಗಿಟ್ಟು ಹಲವು ತಂತಿ ಒತ್ತುವವು) ಮೊದಲ ವಾರಗಳಲ್ಲಿ ಬದಿಗಿಡಿ. ತಂತಿ ಎಳೆದು ಬಾಗಿಸುವ ತಂತ್ರವನ್ನಂತೂ ಆರು ತಂತಿಗೇ ಬಿಡಿ.

ಪಿಕ್ 0.6ರಿಂದ 0.75 ಮಿ.ಮೀ. ಸಾಕು. ಮೇಲಿನ ಜಿ ಇಲ್ಲೂ ತಲೆಹಾಕುತ್ತದೆ. ಮೊದಲನೇ ಜೋಡಿಯ ಬಯಲು ತಂತಿಯಲ್ಲಿ, ಮೊದಲೆರಡು ಫ್ರೆಟ್ಟುಗಳಲ್ಲಿ ರಾಗದ ಎಳೆ ನುಡಿಸಿದರೆ, ಬಯಲಾಗಿ ಮೊಳಗುವ ಆ ಜಿ ಅದಕ್ಕಿಂತ ಮೇಲಿದ್ದು ಕೇಳುವವರ ಕಿವಿಯನ್ನು ಅತ್ತ ಎಳೆಯುತ್ತದೆ. ಅಂಥ ಕಡೆ ಮೂರನೇ ಜೋಡಿಯನ್ನು ಮೀಟದೆ ಬಿಡಿ, ಅಥವಾ ಎಳೆಯನ್ನೇ ಮೂರನೇ ಜೋಡಿಗೆ ವರ್ಗಾಯಿಸಿ. ಬೆರಳಿನಿಂದ ಮೀಟುವಾಗ ಹೆಬ್ಬೆರಳು ಸಣ್ಣ ತಂತಿಯಲ್ಲೇ ನಿಂತುಬಿಡುವುದೂ ಉಂಟು. ಬೇಸ್ ಕೇಳದಿದ್ದರೆ ಹೆಬ್ಬೆರಳನ್ನು ಇನ್ನಷ್ಟು ಒಳಕ್ಕೆ ತಳ್ಳಿ.

ತಂತಿ ಬದಲಿಸುವಾಗ

ಹನ್ನೆರಡನ್ನೂ ಒಮ್ಮೆಲೇ ಬಿಚ್ಚಬೇಡಿ, ಜೋಡಿ ಜೋಡಿಯಾಗಿ ಬದಲಿಸಿ. ಕತ್ತಿನ ಎಳೆತ ಉಳಿಯುತ್ತದೆ, ಯಾವುದು ಎಲ್ಲಿಗೆ ಅನ್ನುವ ಗೊಂದಲವೂ ಇಲ್ಲ. ತಂತಿಯ ತುದಿಯ ಗುಂಡನ್ನು ಬ್ರಿಡ್ಜ್‌ನ ರಂಧ್ರಕ್ಕಿಳಿಸಿ, ಪಿನ್ ಹಾಕಿ, ತಂತಿಯನ್ನು ಮೇಲಕ್ಕೆ ಎಳೆಯುತ್ತಲೇ ಪಿನ್ ಒತ್ತಿ. ಗುಂಡು ಒಳಗಿನ ಹಲಗೆಗೆ ಬಂದು ತಾಗಿದ್ದು ಕೈಗೆ ತಿಳಿಯುತ್ತದೆ. ಪಿನ್‌ನ ತುದಿಗೆ ಸಿಕ್ಕಿಕೊಂಡಿದ್ದರೆ ಬಿಗಿ ಮಾಡುವಾಗ ಪಿನ್ ಹಾರುತ್ತದೆ, ಮುಖ ದೂರವಿರಲಿ.

ದಪ್ಪ ತಂತಿಗೆ ಪೆಗ್‌ನಿಂದಾಚೆ 5 ಸೆಂ.ಮೀ. ಸಡಿಲ ಬಿಟ್ಟರೆ ಎರಡೂವರೆ ಸುತ್ತು, ಸಣ್ಣದಕ್ಕೆ 7–8 ಸೆಂ.ಮೀ. ಬಿಟ್ಟರೆ ನಾಲ್ಕು ಸುತ್ತು ಬರುತ್ತದೆ. ಸುತ್ತುಗಳು ಒಂದರ ಮೇಲೊಂದು ಏರದೆ ಕೆಳಮುಖವಾಗಿ ಸಾಗಲಿ. ಮುಂದಿನ ಪೆಗ್‌ವರೆಗೆ ಅಳೆದು ಕತ್ತರಿಸುವ ಆರು ತಂತಿಯ ರೂಢಿ ಇಲ್ಲಿ ಕೈಕೊಡುತ್ತದೆ, ಪೆಗ್‌ಗಳು ಹತ್ತಿರ ಹತ್ತಿರ ಇರುವುದರಿಂದ. ಶ್ರುತಿ ಮಾಡುವಾಗ ನಟ್‌ನಿಂದ ಟಿಕ್ ಅನ್ನುವ ಸದ್ದು ಬಂದು ಸ್ವರ ಹಠಾತ್ತನೆ ಜಿಗಿದರೆ ಅದರ ತೋಡಿನಲ್ಲಿ ಚೂಪಾದ ಪೆನ್ಸಿಲ್ ನಾಲ್ಕಾರು ಸಲ ಆಡಿಸಿ.

ಇಡುವ ಜಾಗದ ತೇವಾಂಶ ಶೇ. 45ರಿಂದ 55ರೊಳಗಿರಲಿ. ಒಣಗಿದರೆ ಫ್ರೆಟ್ಟಿನ ತುದಿಗಳು ಕೈಗೆ ಚುಚ್ಚುತ್ತವೆ, ತೇವ ಹೆಚ್ಚಿದರೆ ಹಲಗೆ ಉಬ್ಬಿ ತಂತಿಗಳು ಮೇಲೇಳುತ್ತವೆ. ದಿನಾ ನುಡಿಸಿದ ಮೇಲೆ ತಂತಿ ಸಡಿಲಿಸುವ ಅಗತ್ಯವಿಲ್ಲ. ತಿಂಗಳುಗಟ್ಟಲೆ ಮುಟ್ಟುವುದಿಲ್ಲ ಅಂತಿದ್ದರೆ ಇನ್ನೆರಡು ಸೆಮಿಟೋನ್ ಇಳಿಸಿಡಿ. ಬಾಕ್ಸಿನಲ್ಲಿ 8ರ ಬಿಡಿ ತಂತಿ ಎರಡು ಮೂರು ಯಾವಾಗಲೂ ಇರಲಿ. ಅದೊಂದಕ್ಕೋಸ್ಕರ ಇಡೀ ಸೆಟ್ ಕೊಳ್ಳುವುದು ದಂಡ.