ಚಿಕ್ಕಮಗಳೂರಿನಲ್ಲಿ ಕಡಲ ಮೀನು

ಮನೆಯಲ್ಲಿ ಉಪ್ಪುನೀರಿನ ಅಕ್ವೇರಿಯಂ ಇಡೋದಕ್ಕೆ ನಮ್ಮ ಊರಿನ ಹವೆಯಿಂದ ಒಂದು ಲಾಭ ಇದೆ. ಈ ನೀರು 24ರಿಂದ 27 ಡಿಗ್ರಿ ಒಳಗೆ ಇರಬೇಕು. ಸೆಕೆಯ ಊರುಗಳಲ್ಲಿ ಅದಕ್ಕೆ ನೀರು ತಂಪು ಮಾಡುವ ಚಿಲ್ಲರ್ ಬೇಕು, ಅದು ದುಬಾರಿ. ಚಳಿಯ ಚಿಕ್ಕಮಗಳೂರಿನಲ್ಲಿ ನನಗೆ ಹೀಟರ್ ಸಾಕಾಯಿತು. ನಮ್ಮ ತಲೆನೋವು ಬೇರೆ, ಮಳೆಗಾಲದ ಕರೆಂಟು.

ನನ್ನದು ಎರಡಡಿ ಉದ್ದದ ತೊಟ್ಟಿ. ಸುಮಾರು 75 ಲೀಟರ್ ನೀರು. ಹೊಸಬರು ಇದಕ್ಕಿಂತ ಚಿಕ್ಕದು ತಗೋಬೇಡಿ. ನೀರು ಕಡಿಮೆ ಇದ್ದಷ್ಟೂ ಏರುಪೇರು ಬೇಗ.

"ಚಾರ್ಮಾಡಿ ಇಳಿದರೆ ಸಮುದ್ರ, ಎರಡು ಕ್ಯಾನ್ ತುಂಬಿಸ್ಕೊಂಡು ಬಾರೋ" ಅಂದರು ಅಪ್ಪ. ಆದರೆ ಮಳೆಗಾಲದಲ್ಲಿ ನದಿ ಸೇರುವ ಕಡೆ ಉಪ್ಪಿನಂಶ ಇಳಿದಿರುತ್ತದೆ, ಬಂದರಿನ ಹತ್ತಿರ ಎಣ್ಣೆಯ ಕಾಟ. ಮಳೆನೀರು ಹಿಡಿಯೋಣ ಅಂದರೆ ಸುತ್ತ ಕಾಫಿ ತೋಟ. ತೋಟಕ್ಕೆ ಹೊಡೆಯುವ ಬೋರ್ಡೋ ದ್ರಾವಣದಲ್ಲಿ ಇರೋದು ಮೈಲುತುತ್ತ, ಅಂದರೆ ತಾಮ್ರ. ಸೀಗಡಿ, ಹವಳಕ್ಕೆಲ್ಲ ಅದು ಚೂರೇ ಚೂರು ಇದ್ದರೂ ವಿಷ. ಹಾಗಾಗಿ ಆರ್‌ಓ ನೀರೇ ಗತಿ. ಮಿನರಲ್ ಸೇರಿಸುವ ಫಿಲ್ಟರ್ ಇದ್ದರೆ ಅದಕ್ಕಿಂತ ಮುಂಚೆಯೇ ನೀರು ಹಿಡಿಯಿರಿ.

ಅಡುಗೆ ಉಪ್ಪು ನಡೆಯಲ್ಲ. ಕ್ಯಾಲ್ಸಿಯಂ, ಮೆಗ್ನೀಸಿಯಂ ಸೇರಿರುವ ಅಕ್ವೇರಿಯಂ ಉಪ್ಪೇ ಬೇಕು, ಲೀಟರಿಗೆ 35ರಿಂದ 40 ಗ್ರಾಂ. ಬಕೆಟ್ಟಿಗೆ ಹಾಕಿದ ಕೂಡಲೇ ನೀರು ಬೆಳ್ಳಗೆ ಕದಡುತ್ತದೆ. ಪಂಪು ಬಿಟ್ಟು ಒಂದು ರಾತ್ರಿ ತಿರುಗಿಸಿದರೆ ತಿಳಿಯಾಗುತ್ತದೆ. ಆಮೇಲೆ ಉಪ್ಪಿನಂಶ ಅಳೆಯುವ ರಿಫ್ರಾಕ್ಟೋಮೀಟರಿನ ಗಾಜಿನ ಮೇಲೆ ಎರಡು ಹನಿ ಬಿಟ್ಟು, ಮುಚ್ಚಳ ಒತ್ತಿ, ಕಿಟಕಿಯ ಬೆಳಕಿಗೆ ಹಿಡಿದು ನೋಡಬೇಕು. ಮೇಲೆ ನೀಲಿ, ಕೆಳಗೆ ಬಿಳಿ. ಎರಡೂ ಕೂಡುವ ಗೆರೆ 35ರಲ್ಲಿ, ಅಂದರೆ ಸಾವಿರ ಪಾಲಿಗೆ 35 ಪಾಲು ಉಪ್ಪಿನಲ್ಲಿ, ನಿಂತರೆ ಸರಿ.

ಕಲ್ಲು, ಮರಳು ಹಾಕಿದ ಮೇಲೆ ಕಾಯುವ ಕೆಲಸ. ಒಂದು ಸೀಗಡಿ ತುಂಡು ಕೊಳೆಯಲು ಬಿಟ್ಟೆ. ಅದರಿಂದ ಬರುವ ಅಮೋನಿಯಾವನ್ನು ಒಂದು ಬಗೆಯ ಬ್ಯಾಕ್ಟೀರಿಯಾ ನೈಟ್ರೈಟ್ ಮಾಡುತ್ತೆ, ಇನ್ನೊಂದು ಬಗೆ ಅದನ್ನು ನೈಟ್ರೇಟ್ ಮಾಡುತ್ತೆ. ಮೀನಿಗೆ ವಿಷವಾದ ಮೊದಲೆರಡೂ ಸೊನ್ನೆಗೆ ಇಳಿಯಲು ಸಾಮಾನ್ಯವಾಗಿ 4ರಿಂದ 6 ವಾರ. ಅಲ್ಲಿವರೆಗೆ ಮನೆಗೆ ಬಂದವರಿಗೆಲ್ಲ ಬರೀ ಕಲ್ಲು ತೋರಿಸಬೇಕು! ನಡುವೆ ಕಲ್ಲಿನ ಮೇಲೆ ಕಂದು ಬಣ್ಣದ ಪಾಚಿ ಬರುತ್ತದೆ. ಅದು ತಾನೇ ಹೋಗುತ್ತೆ, ಸುಮ್ನೆ ಬಿಡಿ.

ಆಮೇಲೆ ತಂದಿದ್ದು ಎರಡು ಕ್ಲೌನ್ ಮೀನು (ಕಿತ್ತಳೆ ಮೈಗೆ ಬಿಳಿ ಪಟ್ಟಿ ಇರುವ ಪುಟ್ಟ ಕಡಲ ಮೀನು), ಫಾರಂನಲ್ಲಿ ಹುಟ್ಟಿದವು. ಒಂದು ದೊಡ್ಡದು, ಒಂದು ಚಿಕ್ಕದು ಅಂತ ಆರಿಸಿದೆ. ಇವು ಹುಟ್ಟುವಾಗ ಎಲ್ಲವೂ ಗಂಡು, ಜೋಡಿಯಲ್ಲಿ ದೊಡ್ಡದು ಹೆಣ್ಣಾಗುತ್ತದೆ. ಜಗಳ ಕಡಿಮೆ.

ಕರೆಂಟಿಗೆ ಬರೋಣ. ಹೀಟರ್ ನಿಂತರೆ ನೀರು ನಿಧಾನಕ್ಕೆ ತಣ್ಣಗಾಗುತ್ತದೆ, ಅದಕ್ಕೆ ಸಮಯ ಸಿಗುತ್ತದೆ. ಪಂಪು ನಿಂತರೆ ಆಮ್ಲಜನಕ ಇಳಿಯುತ್ತದೆ, ಅದಕ್ಕೆ ಸಮಯ ಸಿಗಲ್ಲ. ಅದಕ್ಕೇ ಹೀಟರನ್ನು ಇನ್ವರ್ಟರಿಗೆ ಕೊಟ್ಟಿಲ್ಲ, ಅದು ಬ್ಯಾಟರಿ ಕುಡಿದುಬಿಡುತ್ತದೆ. ಪಂಪನ್ನು ಮಾತ್ರ ಕೊಟ್ಟಿದ್ದೇನೆ. ಜೊತೆಗೆ ಬ್ಯಾಟರಿಯ ಏರ್ ಪಂಪ್ ಒಂದು ಕೈಗೆ ಸಿಗುವಂತೆ ಇದೆ. ಜಾಸ್ತಿ ಹೊತ್ತು ಕರೆಂಟ್ ಹೋದರೆ ತೊಟ್ಟಿಗೆ ಕಂಬಳಿ ಸುತ್ತುತ್ತೇನೆ.

ಆವಿಯಾಗೋದು ನೀರು ಮಾತ್ರ, ಉಪ್ಪಲ್ಲ ಅಲ್ವಾ? ಹಾಗಾಗಿ ಕಡಿಮೆಯಾದಷ್ಟಕ್ಕೆ ಸಿಹಿನೀರು ಸೇರಿಸಬೇಕು. ಮಾರ್ಚ್, ಏಪ್ರಿಲ್‌ನಲ್ಲಿ ಇದು ದಿನಾ ಇರುವ ಕೆಲಸ, ಜುಲೈನಲ್ಲಿ ಅಷ್ಟಿಲ್ಲ. ವಾರಕ್ಕೊಮ್ಮೆ ಹತ್ತು ಲೀಟರ್ ಹಳೇ ನೀರು ತೆಗೆದು ಹೊಸ ಉಪ್ಪುನೀರು ಹಾಕುತ್ತೇನೆ. ತೆಗೆದ ನೀರನ್ನು ಮಾತ್ರ ಅಮ್ಮನ ಗುಲಾಬಿ ಬುಡಕ್ಕೆ ಸುರಿಯುವಂತಿಲ್ಲ, ಬಚ್ಚಲಿಗೇ.